ಅಲಂಕಾರದ ಹೆಸರೂ ವಚನದ ಅರ್ಥವೂ

ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ಗ್ರಂಥವು ಕಾವ್ಯವಲ್ಲ. ಕಾವ್ಯವನ್ನು ಕುರಿತ ಶಾಸ್ತ್ರ. ಸುಮಾರು ಕ್ರಿ.ಶ. 850ರ ವೇಳೆಗೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯನು ದಂಡಿಯ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡು ‘ಕವಿರಾಜಮಾರ್ಗ’ವನ್ನು ರಚಿಸಿದನು. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಕಾವ್ಯದೋಷಗಳನ್ನೂ, ಎರಡನೆಯದು ಶಬ್ದಾಲಂಕಾರಗಳನ್ನೂ, ಮೂರನೆಯದು ಅರ್ಥಾಲಂಕಾರಗಳನ್ನೂ ವಿವೇಚಿಸುತ್ತವೆ. ಅಂದಿನಿಂದ ಸಾಗಿಬಂದ ಪರಿಭಾಷೆಯ ಒಂದು ಸಣ್ಣ ಪಾಲು ಇಂದು ನಾಡಿನ ಪ್ರತಿಯೊಂದು ಪ್ರೌಢಶಾಲೆಯ ಕನ್ನಡ ಪುಸ್ತಕದಲ್ಲಿಯೂ ಇದೆ. ಉಪಮೆ, ರೂಪಕ, ದೃಷ್ಟಾಂತ, ಉತ್ಪ್ರೇಕ್ಷೆ, ಶ್ಲೇಷೆ, ಅರ್ಥಾಂತರನ್ಯಾಸ ಎಂಬ ಹೆಸರುಗಳನ್ನು ಒಮ್ಮೆಯೂ ಕೇಳದೆ ಹತ್ತನೆಯ ತರಗತಿಯನ್ನು ದಾಟಿದ ಕನ್ನಡ ವಿದ್ಯಾರ್ಥಿ ಇರಲಾರನು.

ಆದರೆ ಹೆಸರನ್ನು ಬಲ್ಲವನು ವಸ್ತುವನ್ನೂ ಬಲ್ಲನೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಅದೇ ಪಠ್ಯಪುಸ್ತಕದ ಪದ್ಯಭಾಗದಲ್ಲಿ ಶಿವಶರಣರ ವಚನಗಳಿರುತ್ತವೆ, ವ್ಯಾಕರಣಭಾಗದಲ್ಲಿ ಅಲಂಕಾರಗಳಿರುತ್ತವೆ. ಒಂದನ್ನು ಬಾಯಿಪಾಠ ಮಾಡಿಸಲಾಗುತ್ತದೆ. ಇನ್ನೊಂದನ್ನು ಗುರುತಿಸಲು ಹೇಳಲಾಗುತ್ತದೆ. ಇವೆರಡರ ನಡುವೆ ಸೇತುವೆ ಕಟ್ಟುವ ಕೆಲಸ ಮಾತ್ರ ಬಹುಮಟ್ಟಿಗೆ ನಡೆಯದೆ ಹೋಗಿದೆ. ಇದರ ಫಲವಾಗಿ ಪರಿಭಾಷೆ ಒಣಗಿದೆ, ವಚನ ಮಂಕಾಗಿದೆ. ಈ ಪರಿಭಾಷೆಯನ್ನು ಸರಿಯಾಗಿ ಹಿಡಿದರೆ ವಚನದ ಅರ್ಥ ಎಷ್ಟು ಆಳಕ್ಕೆ ತೆರೆದುಕೊಳ್ಳುತ್ತದೆ ಎಂಬುದನ್ನು ಕೆಲವು ಪ್ರಸಿದ್ಧ ವಚನಗಳ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಸಮನ್ವಯವೆಂಬ ಕೊನೆಯ ಸಾಲು

ಅಲಂಕಾರದ ಪ್ರಶ್ನೆಗೆ ಉತ್ತರ ಬರೆಯುವ ಕ್ರಮ ಎಲ್ಲರಿಗೂ ಪರಿಚಿತವಾದುದು. ಸೀತೆಯ ಮುಖ ಕಮಲದಂತೆ ಮನೋಹರವಾಗಿದೆ ಎಂಬಂತಹ ವಾಕ್ಯವನ್ನು ಕೊಟ್ಟರೆ, ವಿದ್ಯಾರ್ಥಿಯು ಉಪಮೇಯ ಸೀತೆಯ ಮುಖ, ಉಪಮಾನ ಕಮಲ, ವಾಚಕಪದ ಅಂತೆ, ಸಮಾನಧರ್ಮ ಮನೋಹರವಾಗಿರುವಿಕೆ, ಅಲಂಕಾರ ಪೂರ್ಣೋಪಮೆ ಎಂದು ಒಂದರ ಕೆಳಗೊಂದು ಬರೆಯುತ್ತಾನೆ. ಕೊನೆಯಲ್ಲಿ ‘ಸಮನ್ವಯ’ ಎಂಬ ಶೀರ್ಷಿಕೆಯಿರುತ್ತದೆ. ಅಲ್ಲಿ ಮೇಲೆ ಬರೆದುದನ್ನೇ ಮತ್ತೊಮ್ಮೆ ಒಂದು ಉದ್ದ ವಾಕ್ಯವಾಗಿ ಪೋಣಿಸಿದರೆ ಅಂಕಗಳು ಪೂರ್ಣವಾಗಿ ದೊರೆಯುತ್ತವೆ.

ಈ ಕ್ರಮವನ್ನು ಹಳಿಯಬೇಕಾದ ಕಾರಣವಿಲ್ಲ. ಉಪಮೆಯ ನಾಲ್ಕು ಅಂಗಗಳನ್ನು ಬಿಡಿಸಿ ನೋಡುವುದು ಪ್ರಾಚೀನ ಆಲಂಕಾರಿಕರು ಹಾಕಿಕೊಟ್ಟ ಶಾಸ್ತ್ರೀಯ ವಿಧಾನ, ಅದರಲ್ಲಿ ಖಚಿತತೆಯಿದೆ. ತಪ್ಪಿರುವುದು ಕೊನೆಯ ಸಾಲಿನಲ್ಲಿ. ಸಮನ್ವಯವೆಂದರೆ ಬಿಡಿಯಾದುವನ್ನು ಕೂಡಿಸಿ ಅರ್ಥವನ್ನು ಹೊಂದಿಸುವುದು. ಈ ಉಪಮಾನವೇ ಏಕೆ? ಇಲ್ಲಿಯೇ ಏಕೆ? ಇದರಿಂದ ಆಡಿದ ಮಾತಿಗೆ ಯಾವ ಬಲ ಬಂತು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ನಿಜವಾದ ಸಮನ್ವಯ. ಅದು ವಿಮರ್ಶೆಯ ಮೊದಲ ಮೆಟ್ಟಿಲು. ಶಾಲೆಯಲ್ಲಿ ಅದು ಪುನರುಕ್ತಿಯಾಗಿ ಪರಿಣಮಿಸಿದೆ.

ಇದಕ್ಕೆ ಒಂದು ಚಾರಿತ್ರಿಕ ಕಾರಣವೂ ಇದೆ. ಭರತನ ‘ನಾಟ್ಯಶಾಸ್ತ್ರ’ ಹೇಳುವ ಅಲಂಕಾರಗಳು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ದಂಡಿಯ ಕಾಲಕ್ಕೆ ಉಪಮೆಯೊಂದರಲ್ಲಿಯೇ ಮೂವತ್ತಕ್ಕೂ ಮಿಗಿಲಾದ ಭೇದಗಳು ಕಾಣಿಸಿಕೊಂಡವು. 16ನೆಯ ಶತಮಾನದ ಅಪ್ಪಯ್ಯ ದೀಕ್ಷಿತನ ‘ಕುವಲಯಾನಂದ’ದಲ್ಲಿ ಅಲಂಕಾರಗಳ ಸಂಖ್ಯೆ ನೂರನ್ನು ಮೀರಿತು. ವಿಭಜನೆ ಸೂಕ್ಷ್ಮವಾದಂತೆ ಹೆಸರುಗಳು ಹೆಚ್ಚಿದವು. ಹೆಸರುಗಳು ಹೆಚ್ಚಿದಂತೆ ಅವುಗಳನ್ನು ನೆನಪಿಡುವುದೇ ವಿದ್ಯೆಯೆಂಬ ಭಾವನೆ ಬೆಳೆಯಿತು. ಮೇಲಾಗಿ ಕನ್ನಡದ ‘ಕವಿರಾಜಮಾರ್ಗ’ವಾಗಲಿ, 12ನೆಯ ಶತಮಾನದ ಎರಡನೆಯ ನಾಗವರ್ಮನ ‘ಕಾವ್ಯಾವಲೋಕನ’ವಾಗಲಿ ಮುಖ್ಯವಾಗಿ ಕಾವ್ಯ ಬರೆಯುವವರ ಶಿಕ್ಷಣವನ್ನು ಗಮನದಲ್ಲಿಟ್ಟುಕೊಂಡ ಗ್ರಂಥಗಳು. ಇಂದಿನ ಶಾಲೆಯಲ್ಲಿ ಅದೇ ಪರಿಭಾಷೆ ಓದುವವರ ಕೈಗೆ ಬಂದಿದೆ. ಬರೆಯುವವನಿಗೆ ಉಪಮೆಯನ್ನು ಹೇಗೆ ಕಟ್ಟಬೇಕೆಂಬ ತಿಳಿವು ಬೇಕು; ಓದುವವನಿಗೆ ಕಟ್ಟಿದ ಉಪಮೆ ಏನು ಮಾಡುತ್ತಿದೆಯೆಂಬ ತಿಳಿವು ಬೇಕು. ಪರಿಭಾಷೆ ಕೈ ಬದಲಾಯಿಸಿದರೂ ಪಾಠದ ರೀತಿ ಬದಲಾಗಲಿಲ್ಲ.

ದಾರಿ ತಪ್ಪಿಸುವ ಹೆಸರುಗಳು

ಮುಂದೆ ಹೋಗುವ ಮೊದಲು ಹೆಸರುಗಳ ವಿಷಯದಲ್ಲಿ ಒಂದೆರಡು ಎಚ್ಚರಿಕೆಗಳು ಆವಶ್ಯಕ. ‘ಉತ್ಪ್ರೇಕ್ಷೆ’ ಎಂದರೆ ದಿನಬಳಕೆಯ ಕನ್ನಡದಲ್ಲಿ ಇದ್ದುದನ್ನು ಹಿಗ್ಗಿಸಿ ಹೇಳುವುದು. ವೃತ್ತಪತ್ರಿಕೆಗಳಲ್ಲಿಯೂ ಆ ಮಾತು ಇದೇ ಅರ್ಥದಲ್ಲಿ ಬರುತ್ತದೆ. ಅಲಂಕಾರಶಾಸ್ತ್ರದಲ್ಲಿ ಹಿಗ್ಗಿಸಿ ಹೇಳುವುದು ಅತಿಶಯೋಕ್ತಿ. ಉತ್ಪ್ರೇಕ್ಷೆಯೆಂದರೆ ಒಂದನ್ನು ಕಂಡು ಅದು ಮತ್ತೊಂದೇನೋ ಎಂದು ಸಂಭಾವಿಸುವುದು. ಬೇಸಿಗೆಯ ಸಂಜೆ ಬಿರುಕು ಬಿಟ್ಟ ಕೆರೆಯಂಗಳವನ್ನು ನೋಡಿ, ಮಳೆಯನ್ನು ಬೇಡಲು ಭೂಮಿಯೇ ಬಾಯಿ ತೆರೆದಿದೆಯೋ ಎಂಬಂತಿದೆ ಎಂದರೆ ಅದು ಉತ್ಪ್ರೇಕ್ಷೆ. ಈ ಭೇದವನ್ನು ಮೊದಲೇ ತಿಳಿಸದಿದ್ದರೆ ಬುದ್ಧಿವಂತನಾದ ವಿದ್ಯಾರ್ಥಿಯೂ ತಪ್ಪುತ್ತಾನೆ.

‘ರೂಪಕ’ದ ಸ್ಥಿತಿಯೂ ಹಾಗೆಯೇ. ಧನಂಜಯನ ‘ದಶರೂಪಕ’ದಲ್ಲಿ ಅದು ನಾಟಕಪ್ರಕಾರಗಳ ಹೆಸರು, ಆಕಾಶವಾಣಿಯಲ್ಲಿ ಧ್ವನಿಯ ಮೂಲಕ ಪ್ರಸಾರವಾಗುವ ಒಂದು ಕಾರ್ಯಕ್ರಮದ ಹೆಸರು, ಅಲಂಕಾರದಲ್ಲಿ ಉಪಮೇಯ ಉಪಮಾನಗಳಿಗೆ ಅಭೇದವನ್ನು ಹೇಳುವ ಕ್ರಮ. ಇನ್ನು ‘ಅಲಂಕಾರ’ ಎಂಬ ಮಾತೇ ಒಡವೆಯನ್ನು ನೆನಪಿಗೆ ತಂದು, ಬೇಕೆಂದಾಗ ತೊಟ್ಟು ಬೇಡವೆಂದಾಗ ಕಳಚಬಹುದಾದ ವಸ್ತುವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ‘ಅಲಂ’ ಎಂಬುದಕ್ಕೆ ಸಾಕಷ್ಟು, ಸಮರ್ಥ ಎಂಬ ಅರ್ಥಗಳುಂಟು. ಆ ದೃಷ್ಟಿಯಿಂದ ಅಲಂಕಾರವೆಂದರೆ ಮಾತನ್ನು ತನ್ನ ಕೆಲಸಕ್ಕೆ ಸಮರ್ಥವನ್ನಾಗಿ ಮಾಡುವುದು. 9ನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಬೇರೆ ಪ್ರಯತ್ನವಿಲ್ಲದೆ ರಸದೊಡನೆಯೇ ಹೊಮ್ಮುವ ಅಲಂಕಾರವನ್ನು ಶ್ರೇಷ್ಠವೆಂದು ಎಣಿಸಿದ್ದಾನೆ. ಈ ಮಾತಿಗೆ ವಚನಗಳಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಉಪಮೆ: ಬಿಟ್ಟ ಜಾಗವನ್ನು ತುಂಬುವ ಕೆಲಸ

ಮಾತು ಹೇಗಿರಬೇಕು ಎಂಬುದನ್ನು ಕುರಿತ ಬಸವಣ್ಣನವರ ವಚನವೊಂದು ಬಹುಶಃ ಕನ್ನಡದ ಮಕ್ಕಳೆಲ್ಲರಿಗೂ ಬಾಯಿಗೆ ಬರುತ್ತದೆ. ಮಾತು ಮುತ್ತಿನ ಸರದ ಹಾಗೆ ಇರಬೇಕೆಂದು ಅದು ಆರಂಭವಾಗುತ್ತದೆ. ಬಳಿಕ ಮಾಣಿಕ್ಯದ ಕಾಂತಿಯನ್ನೂ ಸ್ಫಟಿಕದ ಸಲಾಕೆಯನ್ನೂ ತರುತ್ತದೆ. ನಾಲ್ಕನೆಯದಾಗಿ ಲಿಂಗವೇ ಮೆಚ್ಚಿ ತಲೆದೂಗಬೇಕೆನ್ನುತ್ತದೆ. ನುಡಿಗೆ ತಕ್ಕ ನಡೆಯಿಲ್ಲದಿದ್ದರೆ ಕೂಡಲಸಂಗಮದೇವನು ಹೇಗೆ ಒಲಿದಾನು ಎಂಬ ಪ್ರಶ್ನೆಯಲ್ಲಿ ಮುಗಿಯುತ್ತದೆ.

ಒಂದೇ ಉಪಮೇಯಕ್ಕೆ ಹಲವು ಉಪಮಾನಗಳು ಬಂದಿರುವುದರಿಂದ ಇದು ಮಾಲೋಪಮೆ. ಇಷ್ಟನ್ನು ಹೇಳಿ ನಿಲ್ಲಿಸಿದರೆ ಹೆಸರು ದೊರೆತಂತಾಯಿತು, ಅಷ್ಟೆ. ಉತ್ತರದ ಕೋಷ್ಟಕದಲ್ಲಿ ‘ಸಮಾನಧರ್ಮ’ ಎಂಬ ಸಾಲಿಗೆ ಬಂದಾಗ ಒಂದು ವಿಶೇಷ ಗೋಚರಿಸುತ್ತದೆ. ಮಾತು ಮುತ್ತಿನ ಸರವನ್ನು ಯಾವ ಗುಣದಲ್ಲಿ ಹೋಲಬೇಕೆಂದು ವಚನ ಹೇಳಿಯೇ ಇಲ್ಲ. ಸಮಾನಧರ್ಮ ಲೋಪವಾಗಿರುವುದರಿಂದ ಇದು ಲುಪ್ತೋಪಮೆಯೂ ಹೌದು. ಆ ಲೋಪವು ಕೊರತೆಯಲ್ಲ; ಓದುಗನಿಗಾಗಿ ಬಿಟ್ಟ ಜಾಗ. ಅದನ್ನು ತುಂಬದೆ ವಚನವನ್ನು ಓದಿದಂತಾಗುವುದಿಲ್ಲ.

ಮುತ್ತಿನ ಸರದ ಬದಲು ಚಿನ್ನದ ಸರವೆಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ಚಿನ್ನದ ಸರವನ್ನು ಕರಗಿಸಿ ಬೆಸೆದು ಮಾಡುತ್ತಾರೆ. ಮುತ್ತುಗಳು ಹಾಗಲ್ಲ, ಒಂದೊಂದೂ ಬಿಡಿಯಾಗಿ, ದುಂಡಗೆ, ತನ್ನಷ್ಟಕ್ಕೆ ತಾನು ಪೂರ್ಣವಾಗಿರುತ್ತದೆ. ಅವುಗಳನ್ನು ಆಯ್ದು, ರಂಧ್ರ ಕೊರೆದು, ಕಾಣದ ಎಳೆಯೊಂದರಲ್ಲಿ ಪೋಣಿಸಬೇಕು. ಮಾತಿನಲ್ಲಿ ಶಬ್ದಗಳು ಬಿಡಿ. ಅರ್ಥವೆಂಬ ಎಳೆ ಕಣ್ಣಿಗೆ ಕಾಣದು. ಎಳೆ ಹರಿದರೆ ಮುತ್ತುಗಳು ಹಾಳಾಗುವುದಿಲ್ಲ, ಚೆಲ್ಲಾಪಿಲ್ಲಿಯಾಗುತ್ತವೆ. ಮಾಣಿಕ್ಯಕ್ಕೆ ಬಂದಾಗ ವಸ್ತುವಿಗಿಂತ ಅದರ ಕಾಂತಿಯನ್ನು ಹೇಳಿದೆ. ದೃಷ್ಟಿ ಆಕಾರದಿಂದ ಬೆಳಕಿಗೆ ಸರಿಯಿತು. ಸ್ಫಟಿಕದಲ್ಲಿ ಸ್ವಂತ ಬಣ್ಣವೂ ಇಲ್ಲ. ಅದು ತನ್ನ ಮೂಲಕ ಆಚೆಯದನ್ನು ಕಾಣಿಸುತ್ತದೆ. ಸಲಾಕೆಯೆಂದಮೇಲೆ ಅದಕ್ಕೆ ನೇರವೂ ಮೊನೆಯೂ ಉಂಟು. ಕಣ್ಣಿಗೆ ಅಂಜನ ಹಚ್ಚುವ ಕಡ್ಡಿಗೂ ಶಲಾಕೆಯೆಂದೇ ಹೆಸರಿದೆ. ಅಲಂಕರಿಸುವ ವಸ್ತುವಿನಿಂದ ಬೆಳಗುವ ವಸ್ತುವಿಗೆ, ಅಲ್ಲಿಂದ ತನ್ನನ್ನು ಮರೆಸಿಕೊಂಡು ತೋರಿಸುವ ವಸ್ತುವಿಗೆ ಉಪಮಾನಗಳು ಏರಿವೆ. ಇವುಗಳ ಕ್ರಮವನ್ನು ಬದಲಿಸಿದರೆ ಉಪಮೆ ಉಳಿಯುತ್ತದೆ, ಏರಿಕೆ ಉಳಿಯುವುದಿಲ್ಲ.

ನಾಲ್ಕನೆಯ ಮಾತಿಗೆ ಬಂದಾಗ ವಾಚಕಪದವೇ ಇಲ್ಲ. ಅಲ್ಲಿ ಹೋಲಿಕೆ ಮುಗಿದಿದೆ. ಮಾತು ಲಿಂಗದ ಎದುರಿಗೆ ನಿಂತಿದೆ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಇದು ಮಾತು ಹೀಗಿದೆ ಎಂಬ ವರ್ಣನೆಯಲ್ಲ, ಹೀಗಿರಬೇಕು ಎಂಬ ವಿಧಿ. ಕಮಲಮುಖದ ಉಪಮೆ ಇರುವ ಸೌಂದರ್ಯವನ್ನು ಹೊಗಳುತ್ತದೆ. ಈ ಉಪಮೆ ಇನ್ನೂ ಸಾಧಿಸಬೇಕಾದುದನ್ನು ಮುಂದಿಡುತ್ತದೆ. ಆದುದರಿಂದಲೇ ವಚನದ ಕೊನೆಯಲ್ಲಿ ನಡೆಯ ಪ್ರಶ್ನೆ ಬರುವುದು ಸಹಜ. ಉಪಮೆಯನ್ನು ಒಡವೆಯೆಂದು ತಿಳಿದವನಿಗೆ ಈ ಕೊನೆ ಬೇರೆಲ್ಲಿಂದಲೋ ತಂದು ಅಂಟಿಸಿದ ನೀತಿಯಂತೆ ತೋರುತ್ತದೆ; ಉಪಮೆಯ ಏರಿಕೆಯನ್ನು ಹಿಂಬಾಲಿಸಿದವನಿಗೆ ಅದು ಮೊದಲಿನಿಂದಲೇ ಹೊರಟ ದಾರಿಯ ತುದಿಯಾಗಿ ಕಾಣುತ್ತದೆ.

ದೃಷ್ಟಾಂತ: ಬಿಂಬಕ್ಕೂ ಪ್ರತಿಬಿಂಬಕ್ಕೂ ಇರುವ ಅಂತರ

ಎರಡು ಬೇರೆ ಬೇರೆ ವಾಕ್ಯಗಳು ವಾಚಕಪದವಿಲ್ಲದೆಯೇ ಬಿಂಬಪ್ರತಿಬಿಂಬಗಳಂತೆ ಒಂದನ್ನೊಂದು ಹೋಲಿದರೆ ಅದು ದೃಷ್ಟಾಂತ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ಇದಕ್ಕೆ ಉದಾಹರಣೆಯಾಗಿ ಕೊಡುವುದುಂಟು.

ಅಕ್ಕಮಹಾದೇವಿಯವರ ಪ್ರಸಿದ್ಧ ವಚನವೊಂದು ದೃಷ್ಟಾಂತಗಳ ಮಾಲೆಯಾಗಿದೆ. ಬೆಟ್ಟದ ಮೇಲೆ ಮನೆ ಕಟ್ಟಿಕೊಂಡು ಕಾಡುಮೃಗಗಳಿಗೆ ಹೆದರುವುದು, ಕಡಲ ದಡದಲ್ಲಿ ಮನೆ ಕಟ್ಟಿಕೊಂಡು ತೆರೆನೊರೆಗಳಿಗೆ ಹೆದರುವುದು, ಸಂತೆಯ ನಡುವೆ ಮನೆ ಕಟ್ಟಿಕೊಂಡು ಸದ್ದಿಗೆ ನಾಚುವುದು ಎಂಬ ಮೂರು ಚಿತ್ರಗಳ ಬಳಿಕ, ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿನಿಂದೆಗಳು ಬಂದರೆ ಕೋಪಗೊಳ್ಳದೆ ಸಮಾಧಾನಿಯಾಗಿರಬೇಕೆಂಬ ಮಾತು ಬರುತ್ತದೆ.

ಇದನ್ನು ಓದುವವರು ಸಾಮಾನ್ಯವಾಗಿ ಮೂರು ಚಿತ್ರಗಳೂ ಒಂದೇ ಅರ್ಥವನ್ನು ಹೇಳುತ್ತವೆಂದು ಭಾವಿಸಿ ನೇರವಾಗಿ ನೀತಿಗೆ ಧಾವಿಸುತ್ತಾರೆ. ಆದರೆ ಅವು ಒಂದೇ ಅಲ್ಲ. ಬೆಟ್ಟದಲ್ಲಿರುವುದು ಪ್ರಾಣಭಯ, ಅದು ಪ್ರಾಣಿಗಳಿಂದ ಬರುತ್ತದೆ. ಕಡಲಿನಲ್ಲಿರುವುದು ಜಡಪ್ರಕೃತಿಯ ಚಲನೆ. ಅದಕ್ಕೆ ಯಾರ ಮೇಲೂ ಹಗೆಯಿಲ್ಲ. ಸಂತೆಯಲ್ಲಿರುವುದು ಮನುಷ್ಯರ ಗದ್ದಲ. ಅಲ್ಲಿ ಭಯವು ನಾಚಿಕೆಯಾಗಿ ಬದಲಾಗಿದೆ. ಕಾಡಿನಿಂದ ಊರಿಗೆ, ಮೈಗೆ ತಗಲುವ ಅಪಾಯದಿಂದ ಮನಸ್ಸಿಗೆ ತಗಲುವ ಅಪಾಯಕ್ಕೆ ವಚನವು ಓದುಗನನ್ನು ಕರೆತಂದಿದೆ. ಸ್ತುತಿನಿಂದೆಗಳೂ ಮನುಷ್ಯರ ಬಾಯಿಂದ ಹೊರಡುವ ಸದ್ದುಗಳೇ. ಮೂರನೆಯ ಚಿತ್ರದ ಪಕ್ಕದಲ್ಲಿಯೇ ಅವು ಬಂದಿರುವುದು ಆಕಸ್ಮಿಕವಲ್ಲ. ಹೊಗಳಿಕೆಯನ್ನೂ ತೆಗಳಿಕೆಯನ್ನೂ ಸಂತೆಯ ಸದ್ದಿಗೆ ಸಮನಾಗಿ ಇಟ್ಟಾಗ ಅವುಗಳ ಬೆಲೆ ತಾನಾಗಿಯೇ ಇಳಿಯುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಮೂರು ಚಿತ್ರಗಳಲ್ಲಿಯೂ ಮನೆಯನ್ನು ಮಾಡಿಕೊಂಡವರು ತಾವೇ. ಕೊನೆಯ ಮಾತಿನಲ್ಲಿರುವುದು ಮನೆಯಲ್ಲ, ಹುಟ್ಟು. ಹುಟ್ಟನ್ನು ಯಾರೂ ಹಾಗೆ ಆಯ್ದುಕೊಳ್ಳುವುದಿಲ್ಲ. ಬಿಂಬವೂ ಪ್ರತಿಬಿಂಬವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಈ ಅಂತರವನ್ನು ಕಂಡವನಿಗೆ ವಚನದ ಕೋರಿಕೆ ಎಷ್ಟು ಕಠಿನವಾದುದೆಂಬುದು ತಿಳಿಯುತ್ತದೆ: ಆಯ್ದುಕೊಳ್ಳದೆ ಬಂದ ಈ ಲೋಕವನ್ನೂ ತಾನೇ ಕಟ್ಟಿಕೊಂಡ ಮನೆಯೆಂಬಂತೆ ಒಪ್ಪಿಕೊಂಡು ಬಾಳಬೇಕು. ಸಾದೃಶ್ಯವನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಅಸಾದೃಶ್ಯವನ್ನೂ ಹುಡುಕಬೇಕೆಂಬ ಪಾಠವನ್ನು ವಿದ್ಯಾರ್ಥಿಗಳು ಇಲ್ಲಿ ಕಲಿಯಬಹುದು.

ರೂಪಕ: ಗುಡಿಯೂ ಒಡಲೂ

ಉಪಮೆಗೆ ಲಕ್ಷ್ಮೀಶನೂ ರೂಪಕಕ್ಕೆ ಕುಮಾರವ್ಯಾಸನೂ ಕನ್ನಡದಲ್ಲಿ ಹೆಸರಾದವರು; ‘ಉಪಮಾಲೋಲ’, ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಬಿರುದುಗಳು ಶಾಲೆಯ ಮಕ್ಕಳಿಗೂ ತಿಳಿದಿವೆ. ವಚನದಲ್ಲಿ ರೂಪಕ ಬೇರೊಂದು ಕೆಲಸ ಮಾಡುತ್ತದೆಂಬುದಕ್ಕೆ ಬಸವಣ್ಣನವರ ಗುಡಿಯ ವಚನ ಸಾಕ್ಷಿ. ಸಿರಿವಂತರು ಶಿವನಿಗೆ ಗುಡಿ ಕಟ್ಟಿಸುವಾಗ ಬಡವನಾದ ತಾನೇನು ಮಾಡಲಾದೀತೆಂದು ಹೊರಟು, ಕಾಲುಗಳನ್ನು ಕಂಬಗಳೆಂದೂ ಒಡಲನ್ನು ಗುಡಿಯೆಂದೂ ತಲೆಯನ್ನು ಹೊನ್ನಿನ ಕಳಸವೆಂದೂ ಎಣಿಸಿ, ನೆಟ್ಟು ನಿಂತುದಕ್ಕೆ ಅಳಿವುಂಟು, ಚಲಿಸುವುದಕ್ಕೆ ಇಲ್ಲವೆಂಬ ಸಿದ್ಧಾಂತದಲ್ಲಿ ಅದು ನಿಲ್ಲುತ್ತದೆ.

ಉಪಮೇಯವಾದ ದೇಹಕ್ಕೂ ಉಪಮಾನವಾದ ದೇಗುಲಕ್ಕೂ ಅಭೇದವನ್ನು ಹೇಳಿ, ಅಂಗಾಂಗಗಳನ್ನೂ ಹೊಂದಿಸಿರುವುದರಿಂದ ಇದು ಸಾವಯವ ರೂಪಕ. ಶಾಲೆಯ ಉತ್ತರ ಇಲ್ಲಿ ಮುಗಿಯುತ್ತದೆ. ವಚನ ಮಾತ್ರ ಮುಗಿದಿಲ್ಲ. ಸಾಮಾನ್ಯವಾಗಿ ಉಪಮಾನವೇ ಗುಣದಲ್ಲಿ ಮಿಗಿಲಾದುದೆಂಬುದು ರೂಢಿ. ಮುಖವನ್ನು ಕಮಲವೆಂದರೆ ಮುಖಕ್ಕೆ ಗೌರವ. ದೇಹವನ್ನು ದೇಗುಲವೆಂದಾಗಲೂ ಮೊದಲಿಗೆ ಹಾಗೆಯೇ ತೋರುತ್ತದೆ. ಕೊನೆಯ ಮಾತು ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಬಿಡಿಯಾದ ಸಂಗತಿಗಳನ್ನು ಒಂದು ಸಾಮಾನ್ಯ ತತ್ತ್ವದಿಂದ ಸಮರ್ಥಿಸಿರುವುದರಿಂದ ಅದರ ಆಕಾರ ಅರ್ಥಾಂತರನ್ಯಾಸದ್ದು. ಅದರಿಂದ ಹೊಮ್ಮುವ ಅರ್ಥವೋ ವ್ಯತಿರೇಕ: ಉಪಮೇಯವು ಉಪಮಾನವನ್ನು ಮೀರಿಸಿದೆ. ಬಡತನದ ಒಪ್ಪಿಗೆಯಿಂದ ಹೊರಟ ದನಿ, ಯಾರನ್ನೂ ಹೆಸರಿಟ್ಟು ಜರೆಯದೆಯೇ, ಕಲ್ಲಿನ ಗುಡಿಗಿಂತ ಮೇಲೇರಿ ನಿಂತಿದೆ. ‘ರೂಪಕ’ ಎಂಬ ಒಂದೇ ಹೆಸರಿನಲ್ಲಿ ತೃಪ್ತನಾದವನು ಈ ಏರಿಕೆಯ ಅರ್ಧದಾರಿಯಲ್ಲಿಯೇ ಉಳಿದುಬಿಡುತ್ತಾನೆ.

ಈ ರೂಪಕದ ಬೇರು ಇನ್ನೂ ಕೆಳಗಿದೆ. 1973ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ವಚನಾನುವಾದದ ಪ್ರಸ್ತಾವನೆಯಲ್ಲಿ ಎ. ಕೆ. ರಾಮಾನುಜನ್ ಅವರು ಒಂದು ಮಹತ್ತ್ವದ ಸಂಗತಿಯತ್ತ ಗಮನ ಸೆಳೆದಿದ್ದಾರೆ. ಭಾರತೀಯ ದೇವಾಲಯವನ್ನು ಮನುಷ್ಯದೇಹದ ಮಾದರಿಯಲ್ಲಿ ಭಾವಿಸಲಾಗಿದೆ. ಅದರ ಭಾಗಗಳಿಗೆ ಪಾದ, ಹಸ್ತ, ಶಿಖರ, ಗರ್ಭಗೃಹ ಮುಂತಾದ ಹೆಸರುಗಳಿವೆ. ಅಂದರೆ ಶಿಲ್ಪಶಾಸ್ತ್ರದಲ್ಲಿ ದೇಗುಲವೇ ಉಪಮೇಯ, ದೇಹವೇ ಉಪಮಾನ. ಕಟ್ಟಡವು ಕಲ್ಲಾಗಿ ನಿಂತಮೇಲೆ ಆ ಮೂಲ ಮರೆತುಹೋಯಿತು. ವಚನವು ಹೊಸದೊಂದು ರೂಪಕವನ್ನು ಹೊಸೆಯಲಿಲ್ಲ. ಮರೆತುಹೋದ ರೂಪಕವನ್ನು ಅದರ ಮೂಲಕ್ಕೆ ಹಿಂದಿರುಗಿಸಿತು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ದೇಹವೂ ಅಳಿಯುವಂಥದೇ ಅಲ್ಲವೆ? ಹಾಗಿದ್ದಲ್ಲಿ ಚಲಿಸುವುದಕ್ಕೆ ಅಳಿವಿಲ್ಲವೆಂಬುದು ಹೇಗೆ ಸಲ್ಲುತ್ತದೆ? ಈ ಪ್ರಶ್ನೆಯನ್ನು ವಿದ್ಯಾರ್ಥಿ ಕೇಳಿದರೆ ಉಪಾಧ್ಯಾಯರು ಸಂತೋಷಪಡಬೇಕು. ಏಕೆಂದರೆ ಜಂಗಮವೆಂದರೆ ಬರಿಯ ಶರೀರವಲ್ಲ, ಅದರಲ್ಲಿ ನಡೆದಾಡುವ ಚೈತನ್ಯ, ಆಚಾರವಾಗಿ ಒಬ್ಬರಿಂದ ಒಬ್ಬರಿಗೆ ಸಾಗುವ ಅರಿವು ಎಂಬ ತಿಳಿವಿಗೆ ಆ ಪ್ರಶ್ನೆಯೇ ಬಾಗಿಲು. ಸ್ಥಾವರ, ಜಂಗಮ ಎಂಬ ಪಾರಿಭಾಷಿಕ ಪದಗಳನ್ನು ಮೊದಲೇ ಅರ್ಥ ಹೇಳಿ ಕೊಟ್ಟುಬಿಟ್ಟರೆ ಬಾಗಿಲು ತಟ್ಟುವ ಅವಕಾಶ ತಪ್ಪಿಹೋಗುತ್ತದೆ.

ಧ್ವನಿ, ಬೆಡಗು, ಅಂಕಿತ

ಆಡದೆ ಬಿಟ್ಟುದು ಆಡಿದ್ದಕ್ಕಿಂತ ಮಿಗಿಲಾಗಿ ತೋರಿದಾಗ ಅದು ಧ್ವನಿ. ‘ಕವಿರಾಜಮಾರ್ಗ’ವು ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿಯೇ ಹೆಸರಿಸಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಮಪ್ರಭುದೇವರ ವಚನವೊಂದರಲ್ಲಿ ಮಾಮರಕ್ಕೂ ಕೋಗಿಲೆಗೂ, ಗಿರಿಯ ನೆಲ್ಲಿಗೂ ಕಡಲಿನ ಉಪ್ಪಿಗೂ ಎಲ್ಲಿಯ ನಂಟು ಎಂದು ಕೇಳಿ, ಗುಹೇಶ್ವರನಿಗೂ ತಮಗೂ ಇರುವ ಸಂಬಂಧವನ್ನು ಅದೇ ಪ್ರಶ್ನೆಯಾಗಿ ಮುಂದಿಡಲಾಗಿದೆ. ನೆಲ್ಲಿಯೂ ಉಪ್ಪೂ ಎಲ್ಲಿ ಕೂಡುತ್ತವೆಂದು ವಚನ ಹೇಳುವುದಿಲ್ಲ. ಭರಣಿಯಲ್ಲಿ ಉಪ್ಪಿನಕಾಯಿ ಹಾಕಿದ ಮನೆಯವರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ದೂರದ ಎರಡು ವಸ್ತುಗಳು ಕೂಡಿ, ಒಂದರ ರಸ ಇನ್ನೊಂದಕ್ಕೆ ಇಳಿದು, ಬೇರ್ಪಡಿಸಲಾಗದಂತೆ ಆಗುವ ಆ ಅನುಭವ ಓದುಗನ ಮನಸ್ಸಿನಲ್ಲಿಯೇ ಸಿದ್ಧವಾಗಬೇಕು. ಪ್ರಶ್ನೆಯ ರೂಪದಲ್ಲಿರುವ ವಾಕ್ಯ ಸಂಬಂಧವಿಲ್ಲವೆಂದು ಹೇಳುವಂತೆ ತೋರಿ, ಸಂಬಂಧದ ಅಚ್ಚರಿಯನ್ನು ಧ್ವನಿಸುತ್ತದೆ.

ಬೆಡಗಿನ ವಚನಗಳಲ್ಲಿ ಈ ಮರೆಮಾಚುವಿಕೆ ಇನ್ನೂ ಗಾಢವಾಗಿದೆ. ಅವುಗಳಿಗೆ ಹಿಂದಿನವರು ಬರೆದ ಟೀಕೆಗಳುಂಟು. ಇಂಥ ಪ್ರಾಣಿಯೆಂದರೆ ಮನಸ್ಸು, ಇಂಥ ಬಣ್ಣವೆಂದರೆ ಇಂಥ ಗುಣ ಎಂಬಂತೆ ಅವು ಸಂಕೇತಗಳನ್ನು ಬಿಡಿಸುತ್ತವೆ. ಟೀಕೆಗಳು ಉಪಕಾರಕವೇ. ಆದರೆ ಬೀಗದ ಕೈಯನ್ನೇ ಮನೆಯೆಂದು ತಿಳಿಯಬಾರದು. ಸಂಕೇತ ಬಿಡಿಸಿದ ಬಳಿಕ ವಚನಕ್ಕೆ ಮರಳಿ, ಆ ಅರ್ಥವನ್ನು ಈ ವಿಚಿತ್ರ ಚಿತ್ರದಲ್ಲಿಯೇ ಏಕೆ ಹೇಳಬೇಕಾಯಿತೆಂದು ಕೇಳಬೇಕು.

ಅಂಕಿತದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಯಾರ ಅಂಕಿತ ಯಾವುದೆಂದು ಹೊಂದಿಸಿ ಬರೆಯುವ ಪ್ರಶ್ನೆ ಪರೀಕ್ಷೆಗಳಲ್ಲಿ ಸಾಮಾನ್ಯ. ಬಹುತೇಕ ಶರಣರ ಅಂಕಿತ ಅವರ ಸ್ವಂತ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಅಂಬಿಗರ ಚೌಡಯ್ಯನವರಂತೆ ತಮ್ಮ ಹೆಸರನ್ನೇ ಇಟ್ಟವರು ವಿರಳ. ದೈವದ ಹೆಸರು ಸಂಬೋಧನೆಯಾಗಿ ಬಂದಾಗ ಇಡೀ ವಚನದ ಮುಖವೇ ತಿರುಗುತ್ತದೆ. ಮೇಲೆ ಹೇಳಿದ ಅಕ್ಕನವರ ವಚನದಲ್ಲಿ ಸಮಾಧಾನದ ಮಾತನ್ನು ಚೆನ್ನಮಲ್ಲಿಕಾರ್ಜುನನು ಕೇಳಲೆಂದು ಆಡಲಾಗಿದೆ. ಓದುಗನಿಗೆ ಅದು ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಮಾತು. ಆದುದರಿಂದಲೇ ಅದು ಉಪದೇಶದಂತೆ ಚುಚ್ಚುವುದಿಲ್ಲ. ಅಂಕಿತವನ್ನು ಬರಿಯ ಸಹಿಯೆಂದು ತಿಳಿದವನಿಗೆ ಈ ಸೂಕ್ಷ್ಮ ದಕ್ಕದು.

ಎರಡು ಆಕ್ಷೇಪಣೆಗಳು

ಈ ಬಗೆಯ ವಿವೇಚನೆಗೆ ಎರಡು ದಿಕ್ಕುಗಳಿಂದ ವಿರೋಧ ಬರುತ್ತದೆ. ಶರಣರು ಸಾಹಿತ್ಯ ರಚಿಸಲು ಕುಳಿತವರಲ್ಲ, ಅನುಭಾವದ ನುಡಿಯಲ್ಲಿ ಅಲಂಕಾರ ಹುಡುಕುವುದು ಅಪಚಾರ ಎಂದು ಭಕ್ತರಲ್ಲಿ ಕೆಲವರು ಭಾವಿಸುತ್ತಾರೆ. ದೇಹ ದೇಗುಲವೆಂಬುದು ಅವರಿಗೆ ಸತ್ಯ. ಅದನ್ನು ರೂಪಕವೆಂದರೆ ಸತ್ಯವನ್ನು ಕೇವಲ ಮಾತಿನ ಚಮತ್ಕಾರವಾಗಿ ಇಳಿಸಿದಂತೆ. ಈ ಅಳುಕಿನಲ್ಲಿ ಹುರುಳಿಲ್ಲದಿಲ್ಲ. ಅಲಂಕಾರವೆಂದರೆ ಒಡವೆಯೆಂದು ಶಾಲೆ ಕಲಿಸಿರುವವರೆಗೆ ಅದು ಉಳಿಯುತ್ತದೆ. ಆದರೆ ಉಪಮೆಗೂ ರೂಪಕಕ್ಕೂ ಇರುವ ಭೇದವೇ ಭಕ್ತರ ಪರವಾಗಿ ನುಡಿಯುತ್ತದೆ. ದೇಹ ದೇಗುಲದಂತೆ ಎಂದು ವಚನ ಹೇಳಲಿಲ್ಲ, ದೇಗುಲವೇ ಎಂದಿತು. ‘ಅಂತೆ’ ಎಂಬ ಎರಡಕ್ಷರ ಬಿಟ್ಟುಹೋದಲ್ಲಿ ನಂಬಿಕೆಯ ಬಲವಿದೆ. ಪರಿಭಾಷೆಯನ್ನು ಬಲ್ಲವನಿಗೆ ಆ ಬಲ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ನಿತ್ಯ ಪಠಿಸುವವರಿಗೂ ಪರಿಚಯದಿಂದ ಸವೆದುಹೋದ ಮಾತು ಹೊಸದಾಗಿ ಕೇಳಿಸುತ್ತದೆ.

ಇನ್ನೊಂದು ದಿಕ್ಕಿನವರು, ವಚನಕ್ಕೆ ಸಂಸ್ಕೃತದ ಅಳತೆಗೋಲೇಕೆ ಎನ್ನುತ್ತಾರೆ. ಪ್ರತಿಮೆ, ಸಂಕೇತ ಮೊದಲಾದ ಆಧುನಿಕ ವಿಮರ್ಶೆಯ ಮಾತುಗಳೇ ಸಾಕೆಂಬುದು ಅವರ ನಿಲುವು. ವಚನದ ಲಯ ಪ್ರಸ್ತಾರ ಹಾಕುವ ಲಘುಗುರುಗಳ ಗೆರೆಗೆ ಸಿಕ್ಕುವುದಿಲ್ಲವೆಂಬುದು ನಿಜ. ಷಟ್ಪದಿಗೂ ರಗಳೆಗೂ ಸಲ್ಲುವ ಅಳತೆ ಅದಕ್ಕೆ ಸಲ್ಲದು. ಆದರೆ ಅರ್ಥಾಲಂಕಾರಗಳ ಸಂಗತಿ ಬೇರೆ. ಅವು ಮನುಷ್ಯನ ಮನಸ್ಸು ಒಂದನ್ನು ಇನ್ನೊಂದರ ಮೂಲಕ ಅರಿಯುವ ಬಗೆಗಳು; ಗಾದೆಯಲ್ಲಿಯೂ ಇವೆ, ಸಂತೆಯ ಮಾತಿನಲ್ಲಿಯೂ ಇವೆ. ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯನ್ನು 1953ರಲ್ಲಿ ಹೊರತಂದಂದಿನಿಂದ ಈ ಶಾಸ್ತ್ರದ ಸಾರ ತಿಳಿಗನ್ನಡದಲ್ಲಿ ದೊರೆಯುತ್ತಿದೆ. ಬಳಸುವ ಬಗೆ ತಪ್ಪಿದರೆ ಹಳೆಯ ಹೆಸರಿನಂತೆ ಹೊಸ ಹೆಸರೂ ಚೀಟಿಯಾಗುತ್ತದೆ.

ಉಪಾಧ್ಯಾಯರಿಗೆ ಉಳಿದಿರುವ ಕೆಲಸ

ಪಠ್ಯಕ್ರಮ ಬದಲಾಗಲೆಂದು ಕಾಯಬೇಕಾಗಿಲ್ಲ. ವಚನವನ್ನು ಮೊದಲು ಗಟ್ಟಿಯಾಗಿ ಓದಿಸಬೇಕು. ಅನಂತರ ಉಪಮಾನವನ್ನು ತೆಗೆದು ಬೇರೊಂದನ್ನು ಇಟ್ಟು ನೋಡಿಸಬೇಕು. ಕಳೆದುಹೋದುದೇನೆಂದು ಮಕ್ಕಳೇ ಹೇಳುತ್ತಾರೆ. ಚಿತ್ರಗಳ ಕ್ರಮವನ್ನು ಹಿಂದುಮುಂದು ಮಾಡಿ ಓದಿಸಬೇಕು. ಏರಿಕೆ ಮುರಿದುದು ಕಿವಿಗೇ ತಿಳಿಯುತ್ತದೆ. ಹೋಲಿಕೆ ಎಲ್ಲಿ ಹೊಂದುವುದಿಲ್ಲವೆಂದು ಕೇಳಬೇಕು. ಇಷ್ಟಾದ ಮೇಲೆ ಅಲಂಕಾರದ ಹೆಸರನ್ನು ಹೇಳಿದರೆ ಅದು ಕಂಡ ವಸ್ತುವಿಗೆ ಇಟ್ಟ ಹೆಸರಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಮೊದಲು ಹೆಸರು, ಬಳಿಕ ಉದಾಹರಣೆ ಎಂಬ ಕ್ರಮದಲ್ಲಿ ಹೆಸರು ಮಾತ್ರ ಉಳಿಯುತ್ತದೆ, ಅದೂ ಪರೀಕ್ಷೆಯವರೆಗೆ.

1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದಾಗ ತಾಳೆಗರಿಗಳಲ್ಲಿ ಅಡಗಿದ್ದ ವಚನಗಳು ಜನರ ಕೈಗೆ ಬಂದವು. ಅಂದಿನ ಕಷ್ಟ ವಚನಗಳು ದೊರೆಯದಿದ್ದುದು. ಇಂದು ಅವು ಎಲ್ಲೆಡೆಯೂ ದೊರೆಯುತ್ತವೆ. ಗೋಡೆಗಳ ಮೇಲೆ ಬರೆದಿವೆ, ಸಭೆಗಳ ಆರಂಭದಲ್ಲಿ ಹಾಡಲ್ಪಡುತ್ತವೆ, ಪ್ರಶ್ನಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಇಂದಿನ ಕಷ್ಟ ಅವುಗಳನ್ನು ನಿಂತು ಓದದಿರುವುದು. ಉತ್ತರಪತ್ರಿಕೆಯಲ್ಲಿ ಸಮನ್ವಯವೆಂಬ ಆ ಕೊನೆಯ ಸಾಲನ್ನು ವಿದ್ಯಾರ್ಥಿಯು ತನ್ನ ಮಾತಿನಲ್ಲಿ, ತಾನು ಕಂಡುದನ್ನು ಕುರಿತು ಬರೆಯುವಂತಾದರೆ, ಅಲಂಕಾರದ ಪಾಠಕ್ಕೂ ಸಾರ್ಥಕತೆ ಬರುತ್ತದೆ. ವಚನವೂ ಅವನ ಪಾಲಿಗೆ ಶಾಲೆಯ ಆಚೆಗೆ ಉಳಿಯುತ್ತದೆ.